ನೆಲದಿಂದ ಎದ್ದು ನಿಲ್ಲುವ ಕೆಲಸ

ಕ್ಯಾನ್ಸರ್ ಚಿಕಿತ್ಸೆ ಮುಗಿಸಿದ ಮಗುವಿನ ಮನೆಗೆ ಬಂದವರು ಕೇಳುವುದು ಒಂದೇ ಪ್ರಶ್ನೆ. "ಈಗ ಹುಷಾರುಂಟಲ್ಲಾ?" ನಾವೂ "ಹೌದು, ಹುಷಾರು" ಅನ್ನುತ್ತೇವೆ. ರಕ್ತದ ಕೌಂಟ್ ಸರಿ ಇದೆ, ಜ್ವರ ಇಲ್ಲ, ಕೂದಲು ಬಂದಿದೆ. ಆದರೆ ಮಗು ನೆಲದಲ್ಲಿ ಕೂತರೆ ತಾನೇ ಏಳುತ್ತದಾ? ಬಸ್ಸಿನ ಮೆಟ್ಟಿಲು ಹತ್ತುತ್ತದಾ? ಶಾಲೆಯ ಶೌಚಾಲಯದಲ್ಲಿ ಕುಕ್ಕುರುಗಾಲಲ್ಲಿ ಕೂರಲು ಆಗುತ್ತದಾ? ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತದಾ? ನಮ್ಮ ಮನೆಯಲ್ಲಿ ವರ್ಷಗಟ್ಟಲೆ ನಡೆದದ್ದು ಈ ಸಣ್ಣ ಸಣ್ಣ ಕೆಲಸಗಳನ್ನು ಮತ್ತೆ ಕಲಿಯುವ ಕೆಲಸ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಇದೇ ದಾರಿಯಲ್ಲಿರುವ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ.

ನಮ್ಮ ಮನೆ ಕಟಪಾಡಿಯಿಂದ ಶಂಕರಪುರಕ್ಕೆ ಹೋಗುವ ದಾರಿಯಲ್ಲಿ. ಮನೆಯ ಸುತ್ತ ಮಲ್ಲಿಗೆ ಗಿಡಗಳು. ಮಗಳಿಗೆ ಐದು ವರ್ಷ ಇದ್ದಾಗ ಎಎಲ್‌ಎಲ್ ಅಂತ ಗೊತ್ತಾಯಿತು. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಅಂದರೆ ಒಂದು ತರಹದ ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಇದೇ ಜಾಸ್ತಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಡದೆ ಪೂರ್ತಿ ಮಾಡಿಸಿದರೆ ಹೆಚ್ಚಿನ ಮಕ್ಕಳು ಗುಣವಾಗುತ್ತಾರೆ ಅಂತ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಮಣಿಪಾಲಕ್ಕೆ ಓಡಾಟ ಶುರುವಾಯಿತು. ಮೊದಲು ಜೋರು ಕೀಮೋ. ಆಮೇಲೆ ಮೇಂಟೆನೆನ್ಸ್ ಅನ್ನುವ ಉದ್ದದ ಹಂತ. ದಿನಾ ಮನೆಯಲ್ಲಿ 6-ಎಂಪಿ ಮಾತ್ರೆ, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ತಿಂಗಳಿಗೊಮ್ಮೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್, ಅದರ ಜೊತೆ ಐದು ದಿನ ಸ್ಟಿರಾಯ್ಡ್. ಎಲ್ಲ ಸೇರಿ ಎರಡೂವರೆ ವರ್ಷದ ಹತ್ತಿರ. ಆ ಕಥೆಯನ್ನು ಇಲ್ಲಿ ಉದ್ದ ಮಾಡುವುದಿಲ್ಲ. ಅದು ಎಲ್ಲರ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ.

ಕಾಲಿನ ವಿಷಯ ಮೊದಲು ಗಮನಿಸಿದ್ದು ಅತ್ತೆ. ಅವರಿಗೆ ಕಣ್ಣು ಸ್ವಲ್ಪ ಮಂದ, ಕಿವಿ ಚುರುಕು. ಒಂದು ಸಂಜೆ ಚಾವಡಿಯಲ್ಲಿ ಹೂ ಕಟ್ಟುತ್ತಾ ಕೂತಿದ್ದವರು, "ಇದೆಂತ, ಮಗು ನಡೆಯುವಾಗ ಟಪ್ ಟಪ್ ಅಂತ ಸದ್ದು ಬರ್ತದೆ?" ಅಂದರು. ಕಿವಿಗೊಟ್ಟು ಕೇಳಿದೆ. ಹೌದು. ಹಿಮ್ಮಡಿ ಊರಿದ ಕೂಡಲೇ ಪಾದದ ಮುಂದಿನ ಭಾಗ ನೆಲಕ್ಕೆ ಬಡಿಯುತ್ತಿತ್ತು. ಅವಳ ಹವಾಯಿ ಚಪ್ಪಲಿ ತಿರುಗಿಸಿ ನೋಡಿದೆ. ಎರಡರದ್ದೂ ತುದಿ ಉಜ್ಜಿ ಉಜ್ಜಿ ಸವೆದು, ಹೆಬ್ಬೆರಳಿನ ಹತ್ತಿರ ರಬ್ಬರು ಹಾಳೆಯಷ್ಟು ತೆಳ್ಳಗಾಗಿತ್ತು. ಹಿಮ್ಮಡಿಯ ಭಾಗ ಹೊಸದರ ಹಾಗೇ ಇತ್ತು. ಹೊಸ್ತಿಲು ಎಡವುವುದು, ನಡೆಯುತ್ತಿದ್ದ ಹಾಗೆ ಚಪ್ಪಲಿ ಕಾಲಿನಿಂದ ಜಾರಿದರೂ ಅವಳಿಗೆ ಗೊತ್ತಾಗದೇ ಇರುವುದು, ಇದೆಲ್ಲ ಒಂದಕ್ಕೊಂದು ಸೇರಿ ಅರ್ಥವಾಯಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಹೇಳಿದೆ. ಡಾಕ್ಟರು ಅವಳ ಹತ್ತಿರ, "ಪುಟ್ಟಿ, ಬೆರಳು ಮೇಲೆತ್ತಿ ಬರೀ ಹಿಮ್ಮಡಿಯಲ್ಲಿ ನಡಿ ನೋಡುವಾ" ಅಂದರು. ಅವಳು ಎರಡು ಹೆಜ್ಜೆ ಹಾಕಿದಳು. ಪಾದ ಮೇಲೆ ಏಳಲೇ ಇಲ್ಲ. ಆಮೇಲೆ ಸಣ್ಣ ಸುತ್ತಿಗೆಯಲ್ಲಿ ಹಿಮ್ಮಡಿಯ ಹಿಂದೆ ತಟ್ಟಿದರು. ಕಾಲು ಅಲುಗಾಡಲಿಲ್ಲ. ಇದು ವಿನ್‌ಕ್ರಿಸ್ಟಿನ್‌ನಿಂದ ಆಗುವ ನರದ ತೊಂದರೆ, ಬಹಳ ಮಕ್ಕಳಿಗೆ ಸ್ವಲ್ಪವಾದರೂ ಆಗುತ್ತದೆ ಅಂದರು.

ಈ ವಿನ್‌ಕ್ರಿಸ್ಟಿನ್ ಬರುವುದು ನಮ್ಮ ಅಂಗಳದಲ್ಲಿ ಬೆಳೆಯುವ ನಿತ್ಯಪುಷ್ಪದ ಗಿಡದಿಂದ. ಕಾಶಿ ಕಣಗಿಲೆ ಅಂತಲೂ ಹೇಳುತ್ತಾರೆ. ತುಳಸಿಕಟ್ಟೆಯ ಪಕ್ಕ ದಿನಾ ನೋಡುವ ಹೂವು. ರಾಶಿ ಎಲೆಯಿಂದ ಚೂರೇ ಚೂರು ಸಿಗುವ ಈ ಔಷಧಿಯನ್ನು 1960ರ ದಶಕದಿಂದ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಕೊಡುತ್ತಾ ಬಂದಿದ್ದಾರೆ. ನನ್ನ ಮಗಳು ಇವತ್ತು ಓಡಾಡಿಕೊಂಡಿರುವುದಕ್ಕೆ ಅದೂ ಒಂದು ಕಾರಣ. ಇದನ್ನು ಕೇಳಿದ ಸಂಬಂಧಿಕರೊಬ್ಬರು, "ಹಾಗಾದ್ರೆ ಎಲೆ ಅರೆದು ಕಷಾಯ ಮಾಡಿ ಕೊಡಬಹುದಲ್ವಾ?" ಅಂದರು. ಖಂಡಿತ ಬೇಡ. ಆ ಗಿಡ ವಿಷ. ರಕ್ತನಾಳದ ಒಳಗೆ ಅಳತೆ ಮಾಡಿ ಕೊಡುವ ಔಷಧಿ ಬೇರೆ, ಅಂಗಳದ ಸೊಪ್ಪು ಬೇರೆ.

ವಿನ್‌ಕ್ರಿಸ್ಟಿನ್ ಕ್ಯಾನ್ಸರ್ ಕಣ ಎರಡಾಗದ ಹಾಗೆ ತಡೆಯುತ್ತದೆ. ಕಣದ ಒಳಗಿನ ಸಣ್ಣ ನಳಿಗೆಗಳನ್ನು ಕೆಡಿಸಿ ಈ ಕೆಲಸ ಮಾಡುತ್ತದೆ. ಅಂಥದ್ದೇ ನಳಿಗೆಗಳು ನರದ ಒಳಗೂ ಇವೆ. ಬೆನ್ನಿನಿಂದ ಕಾಲ್ಬೆರಳಿನ ತನಕ ನರಕ್ಕೆ ಬೇಕಾದ ಸಾಮಾನು ಸಾಗುವುದು ಅವುಗಳ ಮೂಲಕ. ನಮ್ಮ ತೋಟದಲ್ಲಿ ಪೈಪಿನ ಒತ್ತಡ ಕಮ್ಮಿಯಾದರೆ ಕೊನೆಯ ಗಿಡಕ್ಕೆ ಮೊದಲು ನೀರು ನಿಲ್ಲುತ್ತದೆ. ಹಾಗೆಯೇ ಅತಿ ಉದ್ದದ ನರಕ್ಕೆ, ಅಂದರೆ ಪಾದಕ್ಕೆ ಮೊದಲು ಪೆಟ್ಟು. ಆಮೇಲೆ ಕೈ ಬೆರಳು. ದವಡೆ ನೋವು, ಗಟ್ಟಿ ಮಲಬದ್ಧತೆ, ಕೆಲವರಿಗೆ ಕಣ್ಣಿನ ರೆಪ್ಪೆ ಜೋಲುವುದು, ಇವೂ ಅದರಿಂದಲೇ ಬರಬಹುದು.

ಡಾಕ್ಟರು ಇನ್ನೊಂದು ಮಾತು ಹೇಳಿದರು. ನಮ್ಮ ಕರಾವಳಿಯವರು ಇದನ್ನು ನೆನಪಿಡಬೇಕು. ಇಲ್ಲಿ ಮಳೆಗಾಲದಲ್ಲಿ ಹುಳುಕಡ್ಡಿ ಮನೆಮನೆಯಲ್ಲೂ ಇರುತ್ತದೆ. ಅದಕ್ಕೆ ಇಟ್ರಾಕೊನಜೋಲ್ ಅನ್ನುವ ಮಾತ್ರೆ ಕೊಡುವುದುಂಟು. ಆ ಜಾತಿಯ ಫಂಗಸ್ ಮಾತ್ರೆಗಳು ವಿನ್‌ಕ್ರಿಸ್ಟಿನ್ ಜೊತೆ ಸೇರಿದರೆ ನರದ ತೊಂದರೆ ಜೋರಾಗುತ್ತದೆ. ಹಾಗಾಗಿ ಚರ್ಮದ ತುರಿಕೆಗೂ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹೊರಗಿನ ಮಾತ್ರೆ ಕೊಡಬಾರದು.

ನರ ನಿಧಾನಕ್ಕೆ ಸುಧಾರಿಸುತ್ತದೆ, ಔಷಧಿ ನಿಂತ ಮೇಲೆ ತಿಂಗಳುಗಟ್ಟಲೆ ಬೇಕು, ಕೆಲವರಿಗೆ ಸ್ವಲ್ಪ ಉಳಿದುಬಿಡುತ್ತದೆ ಅಂದರು. "ಹಾಗಾದ್ರೆ ಕಾಯುವುದಾ?" ಅಂತ ಇವರು ಕೇಳಿದರು. ಡಾಕ್ಟರು ಇಲ್ಲ ಅಂದರು. ನರ ಕಾದರೂ ಮೀನಖಂಡ ಕಾಯುವುದಿಲ್ಲ. ಪಾದ ಕೆಳಗೆ ಜೋತುಕೊಂಡೇ ಇದ್ದರೆ ಹಿಂದಿನ ಸ್ನಾಯು ಗಿಡ್ಡವಾಗಿ ಬಿಗಿಯುತ್ತದೆ. ಮಗು ತುದಿಗಾಲಲ್ಲಿ ನಡೆಯಲು ಶುರುಮಾಡುತ್ತದೆ. ಆಮೇಲೆ ನರ ಸರಿಯಾದರೂ ಪಾದ ಬಗ್ಗುವುದಿಲ್ಲ. ಈ ಎಲ್ಲ ಪಯಣದಲ್ಲಿ ನನಗೆ ಅತಿ ಮುಖ್ಯ ಅನ್ನಿಸಿದ ಮಾತು ಇದು. ಚಿಕಿತ್ಸೆ ಮುಗಿಯಲಿ, ಆಮೇಲೆ ನೋಡುವಾ ಅಂತ ಬಿಡುವ ಕೆಲಸ ಅಲ್ಲ. ಕೀಮೋ ನಡೆಯುತ್ತಿರುವಾಗಲೇ ಫಿಸಿಯೋಥೆರಪಿ ಶುರುವಾಗಬೇಕು.

ಫಿಸಿಯೋಥೆರಪಿಯ ಮೇಡಂ ಮೊದಲ ದಿನ ವ್ಯಾಯಾಮ ಮಾಡಿಸಲೇ ಇಲ್ಲ. ಬರೀ ನೋಡಿದರು, ಅಳೆದರು. ಪಾದ ಎಷ್ಟು ಮೇಲೆ ಬಗ್ಗುತ್ತದೆ ಅಂತ ಕೋನ ಅಳೆಯುವ ಪಟ್ಟಿ ಇಟ್ಟು ಬರೆದುಕೊಂಡರು. ಒಂಟಿ ಕಾಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ, ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಬೇಕು, ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾಳೆ, ಇದೆಲ್ಲ. ಕೊನೆಗೆ, "ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು, ಕೈ ಊರದೆ ಏಳು" ಅಂದರು. ಅವಳು ಮೊದಲು ಮಂಡಿಯೂರಿದಳು. ಎರಡೂ ಕೈ ನೆಲಕ್ಕೆ ಊರಿದಳು. ಸೊಂಟ ಮೇಲೆತ್ತಿದಳು. ಆಮೇಲೆ ಕೈಗಳನ್ನು ಮಂಡಿಯ ಮೇಲೆ ಇಟ್ಟು, ತೊಡೆಯ ಮೇಲೆ ಒತ್ತುತ್ತಾ ಒತ್ತುತ್ತಾ ತನ್ನದೇ ಮೈಯನ್ನು ಹತ್ತಿದ ಹಾಗೆ ಮೇಲೆ ಬಂದಳು. ಇದು ಪಾದದ ನರದ ತೊಂದರೆ ಅಲ್ಲ, ಸ್ಟಿರಾಯ್ಡ್‌ನಿಂದ ತೊಡೆ ಮತ್ತು ಸೊಂಟದ ಸ್ನಾಯು ಕರಗಿದ್ದು ಅಂತ ಮೇಡಂ ತೋರಿಸಿಕೊಟ್ಟರು. ಅಂದರೆ ಕೆಳಗೆ ಒಂದು ಕಾರಣ, ಮೇಲೆ ಇನ್ನೊಂದು. ಮೆಟ್ಟಿಲಿಗೆ ಎರಡೂ ಬೇಕು.

ಆಮೇಲೆ ಅವರು ಮಗಳನ್ನೇ ಕೇಳಿದರು. "ನಿಂಗೆ ಎಂತ ಮಾಡ್ಲಿಕ್ಕೆ ಆಗ್ಬೇಕು ಅಂತ ಆಸೆ ಉಂಟು?" ನಾನು ಮನಸ್ಸಿನಲ್ಲಿ ಶಾಲೆ, ಮೆಟ್ಟಿಲು ಅಂತೆಲ್ಲ ಯೋಚಿಸುತ್ತಿದ್ದೆ. ಅವಳು ಹೇಳಿದ್ದು ಬೇರೆ. "ಕುಂಟೆಬಿಲ್ಲೆ ಆಡ್ಬೇಕು. ಮತ್ತೆ ದೇವಸ್ಥಾನದಲ್ಲಿ ಊಟಕ್ಕೆ ಕೆಳಗೆ ಕೂರ್ಬೇಕು. ಟೇಬಲ್ ಬೇಡ." ನಮ್ಮ ಕಡೆ ಅನ್ನಸಂತರ್ಪಣೆ ಅಂದರೆ ಪಂಕ್ತಿಯಲ್ಲಿ ನೆಲದ ಮೇಲೆ ಎಲೆ ಹಾಕುವುದು. ಏಳಲು ಆಗದವರಿಗೆ ಮೂಲೆಯಲ್ಲಿ ಟೇಬಲ್. ಅಜ್ಜಂದಿರ ಜೊತೆ ಅವಳನ್ನು ಕೂರಿಸುತ್ತಿದ್ದೆವು. ಅಣ್ಣ, ಅತ್ತೆ ಮಕ್ಕಳು ಎಲ್ಲ ಸಾಲಿನಲ್ಲಿ. ಅವಳಿಗೆ ಅದು ಅಷ್ಟು ನೋವಾಗಿತ್ತು ಅಂತ ಅವತ್ತು ಗೊತ್ತಾಯಿತು. ಮೇಡಂ ಅದನ್ನೇ ಗುರಿಯಾಗಿ ಕಾಗದದ ಮೇಲೆ ಬರೆದರು. ಮಗುವಿನ ಬಾಯಿಂದ ಬಂದ ಗುರಿಗೆ ಮಗು ಕೆಲಸ ಮಾಡುತ್ತದೆ. ನಮ್ಮ ಗುರಿಗೆ ಮಾಡುವುದಿಲ್ಲ. ಇದು ನನಗೆ ಗಟ್ಟಿಯಾಗಿ ಅನ್ನಿಸಿದ ವಿಷಯ.

ಮನೆಗೆ ಕೊಟ್ಟ ವ್ಯಾಯಾಮಗಳು ಸರಳ. ಗೋಡೆಗೆ ಕೈ ಒತ್ತಿ, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮುಂದೆ ಬಾಗುವುದು. ಮೀನಖಂಡ ಎಳೆದಂತಾಗಬೇಕು, ನೋವಾಗಬಾರದು. ಅರ್ಧ ನಿಮಿಷ ಹಿಡಿದು ಬಿಡುವುದು. ಕಾಲ್ಬೆರಳಲ್ಲಿ ಬೈರಾಸು ಮುದುಡಿ ಎಳೆಯುವುದು. ಹಿಮ್ಮಡಿಯಲ್ಲಿ ನಡೆಯುವುದು. ಎತ್ತರದ ಮಣೆಯಿಂದ ಎದ್ದು ಕೂರುವುದು, ಅದು ಸಲೀಸಾದ ಮೇಲೆ ತಗ್ಗಿನ ಮಣೆ, ಆಮೇಲೆ ನೆಲ. ರಾತ್ರಿ ಮಲಗುವಾಗ ಪಾದ ನೇರ ನಿಲ್ಲಿಸುವ ಪ್ಲಾಸ್ಟಿಕ್ ಸ್ಪ್ಲಿಂಟ್. ನಮ್ಮ ಸೆಕೆಗೆ ಅದು ಕಷ್ಟ. ಬೆವರಿ ತುರಿಕೆ ಬರುತ್ತದೆ. ಒಳಗೆ ತೆಳು ಹತ್ತಿಯ ಉದ್ದ ಸಾಕ್ಸ್ ಹಾಕಿ, ಬೆಳಿಗ್ಗೆ ತೆಗೆದ ಕೂಡಲೇ ಚರ್ಮದಲ್ಲಿ ಕೆಂಪು ಗುರುತು ಉಂಟಾ ಅಂತ ನೋಡಬೇಕು. ಗುರುತು ಸ್ವಲ್ಪ ಹೊತ್ತಿನಲ್ಲಿ ಮಾಯವಾಗದಿದ್ದರೆ ಸ್ಪ್ಲಿಂಟ್ ಸರಿಮಾಡಿಸಬೇಕು.

ವ್ಯಾಯಾಮ ಅಂತ ಹೆಸರಿಟ್ಟು ಕೂರಿಸಿದರೆ ಮಗು ಎರಡು ದಿನ ಮಾಡುತ್ತದೆ, ಮೂರನೇ ದಿನ ಅಳುತ್ತದೆ. ಹಾಗಾಗಿ ಅದನ್ನು ಮನೆಯ ಕೆಲಸದೊಳಗೆ ಸೇರಿಸಿದೆವು. ಹಲ್ಲುಜ್ಜುವಾಗ ಗೋಡೆಗೆ ಒರಗಿ ಮೀನಖಂಡ ಎಳೆಯುವುದು. ತೆಂಗಿನಕಾಯಿ ತುರಿಯುವಾಗ ನನ್ನ ಎದುರು ಮಣೆಯ ಮೇಲೆ ಕೂತು, ಹೋಳು ಕೊಡಲು ಎದ್ದು, ಮತ್ತೆ ಕೂರುವುದು. ಜಗಲಿಯ ಕೆಂಪುಕಲ್ಲಿನ ಮೆಟ್ಟಿಲು ಹತ್ತಿಳಿದು ಕೋಳಿಗೆ ಅಕ್ಕಿ ಹಾಕುವುದು. ಮೊದಮೊದಲು ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಿದ್ದಳು.

ಇಲ್ಲಿ ದೊಡ್ಡವರ ಪ್ರೀತಿಯೇ ಅಡ್ಡ ಬರುವುದುಂಟು. ನಮ್ಮ ಮನೆಯಲ್ಲಿ ಎಲ್ಲರಿಗೂ ಅವಳನ್ನು ಎತ್ತಿಕೊಳ್ಳುವ ಆಸೆ. ಮಾವ ಬಂದರೆ ಗೇಟಿನಿಂದ ಎತ್ತಿಕೊಂಡೇ ಒಳಗೆ ಬರುತ್ತಿದ್ದರು. "ಪಾಪ, ಎಷ್ಟು ಅನುಭವಿಸಿದೆ ಅದು, ನಡೆಸ್ಬೇಡಿ." ಅವರ ಕಣ್ಣಲ್ಲಿ ನೀರು ಇರುತ್ತಿತ್ತು. ಅವರಿಗೆ ಹೇಳುವುದು ಸುಲಭ ಇರಲಿಲ್ಲ. ಮೇಡಂ ಕೊಟ್ಟ ಕಾಗದ ತೋರಿಸಿ, "ಗೇಟಿನಿಂದ ಜಗಲಿ ತನಕ ಅವಳ ಕೈ ಹಿಡ್ಕೊಂಡು ನಡೆದು ಬನ್ನಿ, ಅದೇ ಔಷಧಿ" ಅಂದೆ. ಆಮೇಲೆ ಮಾವ ಬರುವ ಹೊತ್ತಿಗೆ ಇವಳು ಗೇಟಿನಲ್ಲಿ ಕಾಯುತ್ತಿದ್ದಳು.

ಹಾಗಂತ ದಿನಾ ಒಂದೇ ಅಳತೆಯ ಕೆಲಸವೂ ಅಲ್ಲ. ಕೀಮೋ ನಡೆಯುವಾಗ ರಕ್ತದ ವರದಿ ನೋಡಿಯೇ ನಿರ್ಧಾರ. ಪ್ಲೇಟ್‌ಲೆಟ್ ತುಂಬ ಇಳಿದಿದ್ದರೆ ಓಟ, ಜಿಗಿತ, ಬೀಳುವ ಸಾಧ್ಯತೆ ಇರುವ ಆಟ ಬೇಡ. ಜ್ವರ ಇದ್ದರೆ ಏನೂ ಬೇಡ, ಸೀದಾ ಆಸ್ಪತ್ರೆ. ಸ್ಟಿರಾಯ್ಡ್ ಇರುವ ವಾರ ಅವಳ ಸ್ವಭಾವವೇ ಬೇರೆ. ರಾತ್ರಿ ಎರಡು ಗಂಟೆಗೆ ಎದ್ದು ಗಂಜಿ, ಉಪ್ಪಿನಕಾಯಿ ಕೇಳುವಳು. ಕಾಲು ಭಾರ ಅನ್ನುವಳು. ಸಣ್ಣ ಮಾತಿಗೆ ಅಳುವಳು. ಆ ವಾರ ಬರೀ ಮೀನಖಂಡ ಎಳೆಯುವುದು ಮತ್ತು ಅಂಗಳದಲ್ಲಿ ಒಂದು ಸುತ್ತು. ಅಷ್ಟೇ.

ಸುಸ್ತಿನ ಬಗ್ಗೆಯೂ ಒಂದು ಮಾತು. ಇದು ಆಡಿ ಬಂದ ಸುಸ್ತಲ್ಲ. ನಿದ್ದೆ ಮಾಡಿ ಎದ್ದರೂ ಹೋಗುವುದಿಲ್ಲ. ಹೊರಗಿನವರಿಗೆ ಸೋಮಾರಿತನ ಅಂತ ಕಾಣುತ್ತದೆ. ಪೂರ್ತಿ ಮಲಗಿಸಿದರೆ ಸ್ನಾಯು ಇನ್ನೂ ಕರಗಿ ಸುಸ್ತು ಜಾಸ್ತಿಯಾಗುತ್ತದೆ. ಜಾಸ್ತಿ ಓಡಾಡಿಸಿದರೆ ಮರುದಿನ ಏಳುವುದಿಲ್ಲ. ನಡುವಿನ ದಾರಿ ಅಂದರೆ ದಿನದ ಶಕ್ತಿಯನ್ನು ಹಂಚುವುದು. ಔಷಧಿ ಮುಗಿದ ವರ್ಷ ಅವಳಿಗೆ ವಿಟ್ಲಪಿಂಡಿಯ ದಿನ, ಅಂದರೆ ಕೃಷ್ಣಾಷ್ಟಮಿಯ ಮರುದಿನ, ಉಡುಪಿ ರಥಬೀದಿಯಲ್ಲಿ ಹುಲಿವೇಷ ನೋಡಬೇಕಿತ್ತು. ಜನಜಂಗುಳಿಗೆ ಹೋಗಬಹುದಾ ಅಂತ ಮೊದಲೇ ಡಾಕ್ಟರನ್ನು ಕೇಳಿದೆವು. ಬೆಳಿಗ್ಗೆ ಬೇರೆ ಏನೂ ಕೆಲಸ ಇಡಲಿಲ್ಲ. ಸ್ನಾನ, ಜಡೆ ಎಲ್ಲ ನಾನೇ ಮಾಡಿದೆ. ಮಧ್ಯಾಹ್ನ ಒಂದು ನಿದ್ದೆ. ಮಡಚುವ ಸ್ಟೂಲು ಜೊತೆಗೆ. ತಾಸೆ ಶಬ್ದ ಕೇಳಿದ ಕೂಡಲೇ ಸ್ಟೂಲಿನಿಂದ ತಾನೇ ಎದ್ದು ನಿಂತಳು. ಕೂತು ನಿಂತು, ಕೂತು ನಿಂತು ಪೂರ್ತಿ ನೋಡಿದಳು.

ಕೈಯ ಕಥೆ ಹೇಳದಿದ್ದರೆ ನಮ್ಮ ಕಥೆ ಪೂರ್ತಿಯಾಗುವುದಿಲ್ಲ. ಪೆನ್ಸಿಲ್ ಹಿಡಿದರೆ ಸ್ವಲ್ಪ ಹೊತ್ತಿನಲ್ಲಿ ಕೈ ನೋವು. ಅಕ್ಷರ ಗೆರೆ ಬಿಟ್ಟು ಇಳಿಯುತ್ತಿತ್ತು. ಸಮವಸ್ತ್ರದ ಸಣ್ಣ ಗುಂಡಿ ತೂತಿನೊಳಗೆ ಹೋಗುತ್ತಿರಲಿಲ್ಲ. ದಿನದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಯ ಅಕ್ಕ, "ಮನೆಯಲ್ಲಿ ಬೆರಳಿನ ಕೆಲಸ ಎಂತ ಉಂಟು?" ಅಂತ ಕೇಳಿದರು. ಮಲ್ಲಿಗೆ ಕಟ್ಟುವುದು ಅಂದೆ. ಅವರ ಮುಖ ಅರಳಿತು. ಅದಕ್ಕಿಂತ ಒಳ್ಳೆಯದು ನನ್ನ ಹತ್ತಿರ ಇಲ್ಲ ಅಂದರು.

ಉಡುಪಿ ಮಲ್ಲಿಗೆಯ ಕೆಲಸ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬೆಳಿಗ್ಗೆ ಬೇಗ ಮೊಗ್ಗು ಕೊಯ್ಯಬೇಕು. ನೆನೆಸಿ ಸೀಳಿದ ಬಾಳೆನಾರಿನಲ್ಲಿ ಕಟ್ಟಬೇಕು. ಕಟ್ಟಿದ್ದು ಚೆಂಡು. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅವತ್ತಿನ ದರ ಅವತ್ತೇ, ಹಾಗಾಗಿ ಹೊತ್ತಿಗೆ ಸರಿಯಾಗಿ ಹೂ ಕೊಳ್ಳುವ ಕಟ್ಟೆಗೆ ಮುಟ್ಟಿಸಬೇಕು. ಮಗಳಿಗೆ ಕೊಟ್ಟ ಮೊದಲ ಕೆಲಸ ಬುಟ್ಟಿಯಿಂದ ಮೊಗ್ಗು ಹೆಕ್ಕಿ ಅಜ್ಜಿಯ ಎದುರಿನ ಬಾಳೆಎಲೆಯಲ್ಲಿ ಸಾಲಾಗಿ ಇಡುವುದು. ಹೆಬ್ಬೆರಳು ತೋರುಬೆರಳು ಎರಡರಲ್ಲೇ ಹಿಡಿಯಬೇಕು. ಜೋರಾಗಿ ಒತ್ತಿದರೆ ಮೊಗ್ಗು ಕಪ್ಪಾಗುತ್ತದೆ. ಮೆಲ್ಲಗೆ ಹಿಡಿದರೆ ಜಾರುತ್ತದೆ. ಅವಳ ಬೆರಳ ತುದಿಗೆ ಸ್ಪರ್ಶ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಕಣ್ಣಿನಿಂದ ನೋಡಿ ನೋಡಿ ಒತ್ತಡ ಕಲಿತಳು. ಮೊದಲು ಎಲೆಯ ತುಂಬ ಜಜ್ಜಿದ ಮೊಗ್ಗುಗಳು. ಅತ್ತೆ ಏನೂ ಅನ್ನಲಿಲ್ಲ. ಅವನ್ನು ಬೇರೆ ತೆಗೆದು ದೇವರ ಹರಿವಾಣದಲ್ಲಿ ಹಾಕಿದರು.

ಬಾಳೆನಾರಿಗೆ ಬರಲು ತುಂಬ ಸಮಯ ಹಿಡಿಯಿತು. ನಾರನ್ನು ಬೆರಳಿಗೆ ಸುತ್ತಿ, ಮೊಗ್ಗಿನ ತೊಟ್ಟು ಎದುರುಬದುರು ಇಟ್ಟು, ಗಂಟು ಜಾರದ ಹಾಗೆ ಎಳೆಯಬೇಕು. ಎಡಗೈ ಹಿಡಿಯುತ್ತದೆ, ಬಲಗೈ ಸುತ್ತುತ್ತದೆ. ಥೆರಪಿಯ ಅಕ್ಕ ಮೊದಲು ದಪ್ಪ ದಾರದಲ್ಲಿ ದಾಸವಾಳದ ಮೊಗ್ಗು ಕಟ್ಟಿಸಿ ಅಂದರು. ಆಮೇಲೆ ಅಬ್ಬಲಿಗೆ. ಕೊನೆಗೆ ಮಲ್ಲಿಗೆ. ಒಂದು ದಿನ ನಾನು ಬಟ್ಟೆ ಒಣಗಿಸಿ ಬರುವಾಗ ಅಜ್ಜಿ ಮೊಮ್ಮಗಳು ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು. ಅವಳ ಮಡಿಲಲ್ಲಿ ಗೇಣುದ್ದದ ಮಾಲೆ. ಗಂಟು ಸಡಿಲ, ಆದರೆ ಬಿಚ್ಚಿಹೋಗಿರಲಿಲ್ಲ. ಅಂಗಿಯ ಗುಂಡಿ ಅದೇ ಸುಮಾರಿಗೆ ಸಲೀಸಾಯಿತು. ಬರವಣಿಗೆ ಇವತ್ತಿಗೂ ಸ್ವಲ್ಪ ನಿಧಾನ.

ಶಾಲೆಗೆ ಮರಳಿದ್ದು ಬೇರೆ ಅಧ್ಯಾಯ. ತರಗತಿ ಮೊದಲನೇ ಮಹಡಿಯಲ್ಲಿತ್ತು. ಮೆಟ್ಟಿಲಿಗೆ ಒಂದು ಬದಿಗೆ ಮಾತ್ರ ಹಿಡಿಕೆ. ಬೆಲ್ ಆದ ಕೂಡಲೇ ದೊಡ್ಡ ಮಕ್ಕಳು ನುಗ್ಗಿ ಇಳಿಯುತ್ತಾರೆ. ತರಗತಿ ಕೆಳಗೆ ಮಾಡಿಕೊಡಿ ಅಂದಾಗ ಮೊದಲು, "ಒಬ್ಬಳಿಗೋಸ್ಕರ ಹೇಗೆ ಬದಲಾಯಿಸುವುದು?" ಅಂದರು. ಆ ಮಾತು ನನಗೆ ಇವತ್ತಿಗೂ ಸರಿ ಅನ್ನಿಸುವುದಿಲ್ಲ. ಕಾಯಿಲೆಯಿಂದ ಎದ್ದು ಬಂದ ಮಗುವಿಗೆ ಒಂದು ಕೋಣೆ ಅದಲು ಬದಲು ಮಾಡುವುದು ದೊಡ್ಡ ವಿಷಯ ಅಲ್ಲ. ಆಸ್ಪತ್ರೆಯಿಂದ ಪತ್ರ ತಂದು ಕೊಟ್ಟೆವು. ಮಗುವಿಗೆ ಏನು ಕಷ್ಟ, ಏನು ಮಾಡಬಹುದು, ಏನು ಬೇಡ ಅಂತ ಸ್ಪಷ್ಟವಾಗಿ ಬರೆದ ಪತ್ರ. ಬಾಯಿಮಾತಿನಲ್ಲಿ ಆಗದ್ದು ಅದರಿಂದ ಆಯಿತು. ತರಗತಿ ಕೆಳಗೆ ಬಂತು. ಬರೆಯಲು ಜಾಸ್ತಿ ಸಮಯ ಸಿಕ್ಕಿತು. ಪುಸ್ತಕದ ಒಂದು ಸೆಟ್ ಶಾಲೆಯಲ್ಲೇ ಇಡಲು ಒಪ್ಪಿದರು. ಆಟದ ಪಿರಿಯಡ್‌ನಲ್ಲಿ ಸುಮ್ನೆ ಮೂಲೆಯಲ್ಲಿ ಕೂರಿಸಬೇಡಿ, ಅವಳಿಗೆ ಆಗುವ ಆಟ ಕೊಡಿ ಅಂತಲೂ ಪತ್ರದಲ್ಲಿತ್ತು. ಪಿ.ಟಿ. ಮೇಷ್ಟ್ರು ಅವಳ ಕೈಗೆ ಸ್ಟಾಪ್‌ವಾಚ್ ಕೊಟ್ಟರು, ಜೊತೆಗೆ ದಿನಾ ಮೈದಾನದ ಸುತ್ತ ಅರ್ಧ ಸುತ್ತು ತಾವೇ ಅವಳ ಜೊತೆ ನಡೆದರು.

ಶೌಚಾಲಯದ ವಿಷಯ ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ನಾನು ಹೇಳುತ್ತೇನೆ. ಮೀನಖಂಡ ಬಿಗಿದ ಮಗುವಿಗೆ ಇಂಡಿಯನ್ ಶೌಚಾಲಯದಲ್ಲಿ ಹಿಮ್ಮಡಿ ಊರಿ ಕೂರಲು ಆಗುವುದಿಲ್ಲ. ಹಿಂದಕ್ಕೆ ಬೀಳುತ್ತದೆ. ಕೂತರೂ ಏಳಲು ತೊಡೆಗೆ ಶಕ್ತಿ ಇರುವುದಿಲ್ಲ. ನನ್ನ ಮಗಳು ಶಾಲೆಯಲ್ಲಿ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ತುಂಬಿದ ಬಾಟಲಿ ಹಾಗೇ ವಾಪಸ್ ಬರುತ್ತಿತ್ತು. ಕೇಳಿದಾಗ, "ಅಮ್ಮ, ಅಲ್ಲಿ ಬೀಳ್ತೇನೆ" ಅಂದಳು. ಮನೆಯಲ್ಲಿ ಗೋಡೆಗೆ ಒಂದು ಕಬ್ಬಿಣದ ಹಿಡಿಕೆ ಹಾಕಿಸಿದೆವು. ಶಾಲೆಯಲ್ಲೂ ಒಂದು ಶೌಚಾಲಯಕ್ಕೆ ಹಾಕಿಸಲು ಒಪ್ಪಿದರು. ಖರ್ಚು ಏನೂ ದೊಡ್ಡದಲ್ಲ. ಕುಕ್ಕುರುಗಾಲಲ್ಲಿ ಕೂರುವುದನ್ನು ಹಿಮ್ಮಡಿಯ ಕೆಳಗೆ ತೆಳು ಹಲಗೆ ಇಟ್ಟು ಅಭ್ಯಾಸ ಮಾಡಿಸಿದರು. ಮೀನಖಂಡ ಸಡಿಲವಾದ ಹಾಗೆ ಹಲಗೆ ತೆಳುವಾಗುತ್ತಾ ಹೋಯಿತು.

ಮಳೆಗಾಲಕ್ಕೆ ನಮ್ಮ ಕಡೆ ಬೇರೆಯೇ ಜಾಗ್ರತೆ ಬೇಕು. ಅಂಗಳದ ಪಾಚಿಯಲ್ಲಿ ಗಟ್ಟಿ ಕಾಲಿನವರೇ ಜಾರುತ್ತಾರೆ. ಹವಾಯಿ ಚಪ್ಪಲಿ ಬಿಟ್ಟು, ಹಿಂದೆ ಪಟ್ಟಿ ಇರುವ, ಹಿಮ್ಮಡಿ ಹಿಡಿದು ನಿಲ್ಲಿಸುವ ಸ್ಯಾಂಡಲ್ ತಂದೆವು. ಗೇಟಿನ ತನಕ ಅಡಿಕೆ ಸೋಗೆ ಹಾಕಿದೆವು. ಪಾದಕ್ಕೆ ಸ್ಪರ್ಶ ಕಮ್ಮಿ ಇದ್ದುದರಿಂದ ಗಾಯ ಆದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಕೆಸರು ನೀರು, ಗಾಯದ ಕಾಲು ಅಂದರೆ ಇಲಿಜ್ವರದ ಭಯ. ದಿನಾ ಸಂಜೆ ಕಾಲು ತೊಳೆದು, ಒರೆಸಿ, ಅಂಗಾಲು ಬೆರಳ ಸಂದಿ ಎಲ್ಲ ನೋಡುವುದು ರೂಢಿಯಾಯಿತು.

ಮಳೆ ನಿಂತು, ಕೌಂಟ್ ಸರಿಯಾದ ಮೇಲೆ ಮಲ್ಪೆಗೆ ಹೋಗತೊಡಗಿದೆವು. ಮರಳಿನಲ್ಲಿ ನಡೆಯುವುದು ಒಳ್ಳೆಯ ವ್ಯಾಯಾಮ ಅಂತ ಮೇಡಂ ಹೇಳಿದ್ದರು. ನೀರಿನ ಅಂಚಿನ ಗಟ್ಟಿ ಮರಳಿನಲ್ಲಿ ಶುರುಮಾಡಿ, ಆಮೇಲೆ ಮೇಲಿನ ಸಡಿಲ ಮರಳು. ಬಿಸಿಲು ಇಳಿದ ಮೇಲೆ ಮಾತ್ರ. ಸುಡುವ ಮರಳು ಆ ಕಾಲಿಗೆ ಗೊತ್ತಾಗುವುದಿಲ್ಲ. ಹಸಿ ಮರಳಿನಲ್ಲಿ ಅವಳ ಹೆಜ್ಜೆ ಗುರುತು ನೋಡಿದರೆ ಎಲ್ಲ ತಿಳಿಯುತ್ತಿತ್ತು. ಹೆಬ್ಬೆರಳು ಎಳೆದುಕೊಂಡು ಹೋದ ಗೆರೆ ಪ್ರತಿ ಹೆಜ್ಜೆಯ ಮುಂದೆ. ಆ ಗೆರೆ ಎಷ್ಟು ಉದ್ದ ಅಂತ ಅವಳೇ ನೋಡುತ್ತಿದ್ದಳು. "ಇವತ್ತು ಗೆರೆ ಗಿಡ್ಡ ಅಮ್ಮ."

ನಡುವೆ ಒಮ್ಮೆ ಹೆದರಿಕೆ ಆಯಿತು. ಮಂಡಿ ನೋವು ಅಂತ ಕುಂಟತೊಡಗಿದಳು. ಸ್ಟಿರಾಯ್ಡ್‌ನಿಂದ ಸೊಂಟದ ಕೀಲಿನ ಮೂಳೆಗೆ ರಕ್ತ ಕಮ್ಮಿಯಾಗಿ ಮೂಳೆ ಹಾಳಾಗುವ ತೊಂದರೆ ಇದೆ. ಹತ್ತು ವರ್ಷ ದಾಟಿದ ಮಕ್ಕಳಲ್ಲಿ ಅದು ಜಾಸ್ತಿ. ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳಬಹುದು ಅಂತ ಮೊದಲೇ ಹೇಳಿದ್ದರಿಂದ ಎಣ್ಣೆ ಹಚ್ಚಿ ಉಜ್ಜುತ್ತಾ ಕೂರಲಿಲ್ಲ, ಸೀದಾ ತೋರಿಸಿದೆವು. ಎಂಆರ್‌ಐ ಆಯಿತು. ಸೊಂಟ ಸರಿ ಇತ್ತು. ಇಂಥ ಮಕ್ಕಳಲ್ಲಿ ಬಿಡದ ಮಂಡಿ ನೋವು, ತೊಡೆ ಸಂದಿನ ನೋವು, ಕುಂಟು ಇದ್ದರೆ ಕಾಯಬೇಡಿ. ಇದ್ದಕ್ಕಿದ್ದ ಹಾಗೆ ಒಂದೇ ಬದಿಗೆ ಬಲ ಹೋದರೆ, ಬೆನ್ನುನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದು ಅವತ್ತೇ ಆಸ್ಪತ್ರೆಗೆ ಓಡಬೇಕಾದ ವಿಷಯ.

ಕುಂಟೆಬಿಲ್ಲೆ ಬಂತಾ ಅಂತ ಕೇಳುವವರಿಗೆ, ಬಂತು. ಔಷಧಿ ನಿಂತು ವರ್ಷ ಕಳೆದ ಮೇಲೆ. ಬಲಗಾಲಲ್ಲಿ ಚೆನ್ನಾಗಿ ಕುಂಟುತ್ತಾಳೆ. ಎಡಗಾಲಲ್ಲಿ ಎರಡು ಮನೆ ದಾಟಿದರೆ ಕಾಲು ಊರುತ್ತಾಳೆ. ದೇವಸ್ಥಾನದ ಪಂಕ್ತಿಯಲ್ಲಿ ಅಣ್ಣನ ಪಕ್ಕ ಕೂರುತ್ತಾಳೆ. ಏಳುವಾಗ ಒಂದು ಕೈ ನೆಲಕ್ಕೆ ಊರುತ್ತಾಳೆ, ಯಾರ ಕೈಯನ್ನೂ ಹಿಡಿಯುವುದಿಲ್ಲ. ಹಿಮ್ಮಡಿಯ ಹಿಂದೆ ಸುತ್ತಿಗೆಯಲ್ಲಿ ತಟ್ಟಿದರೆ ಕಾಲು ಈಗ ಸ್ವಲ್ಪ ಅಲುಗುತ್ತದೆ. ತುಂಬ ಸುಸ್ತಾದ ದಿನ ಸಂಜೆ ಆ ಟಪ್ ಸದ್ದು ಮತ್ತೆ ಕೇಳುತ್ತದೆ.

ಚೆಕಪ್ ಮುಂದುವರಿಯುತ್ತಲೇ ಇದೆ. ಕೀಮೋದಲ್ಲಿ ಕೊಟ್ಟ ಕೆಲವು ಔಷಧಿಗಳು ಎಷ್ಟೋ ವರ್ಷದ ನಂತರ ಹೃದಯದ ಮೇಲೆ ಪರಿಣಾಮ ಮಾಡಬಹುದು, ಅದಕ್ಕೆ ಎಕೋ ಅನ್ನುವ ಹೃದಯದ ಸ್ಕ್ಯಾನ್ ಮಾಡಿಸುತ್ತಾರೆ. ವಿಟಮಿನ್ ಡಿ ನೋಡುತ್ತಾರೆ. ಯಾವ ಔಷಧಿ ಒಟ್ಟು ಎಷ್ಟು ಕೊಟ್ಟಿದ್ದಾರೆ ಅನ್ನುವ ಪಟ್ಟಿಯನ್ನು ಆಸ್ಪತ್ರೆಯಿಂದ ಬರೆಸಿಕೊಂಡು ಜೋಪಾನವಾಗಿ ಇಟ್ಟಿದ್ದೇವೆ. ನೀವೂ ಕೇಳಿ ತೆಗೆದುಕೊಳ್ಳಿ. ಅವಳು ದೊಡ್ಡವಳಾಗಿ ಬೇರೆ ಊರಿಗೆ ಹೋದರೂ ಬೇಕಾಗುವ ಕಾಗದ ಅದು. ಪ್ರತಿ ಚೆಕಪ್‌ನಲ್ಲೂ ರಕ್ತದ ವರದಿ ನೋಡಿ ಮುಗಿದ ಮೇಲೆ ನಾನು ತಪ್ಪದೆ ಹೇಳುತ್ತೇನೆ, "ಡಾಕ್ಟರೇ, ಒಮ್ಮೆ ಹಿಮ್ಮಡಿಯಲ್ಲಿ ನಡೆಸಿ ನೋಡಿ."

ಈ ವರ್ಷ ಅವಳಿಗೆ ಸೈಕಲ್ ಬೇಕಂತೆ. ಅಣ್ಣನ ಹಳೆಯ ಸೈಕಲ್ ತೆಗೆದೆವು. ಪೆಡಲ್ ತುಳಿಯಲು ಕಾಲಿಗೆ ಕಷ್ಟವಾಗಲಿಲ್ಲ. ಬ್ರೇಕಿಗೆ ಬೆರಳು ಸರಿಯಾಗಿ ಮುಟ್ಟುತ್ತಿರಲಿಲ್ಲ, ಮುಟ್ಟಿದರೂ ಪೂರ್ತಿ ಒತ್ತಲು ಆಗುತ್ತಿರಲಿಲ್ಲ. ಕಟಪಾಡಿಯ ಸೈಕಲ್ ಅಂಗಡಿಯವರು ಸ್ಕ್ರೂ ತಿರುಗಿಸಿ ಬ್ರೇಕ್ ಹಿಡಿಕೆಯನ್ನು ಹತ್ತಿರ ತಂದುಕೊಟ್ಟರು. ಈಗ ಶಾಲೆಯ ಮೈದಾನದಲ್ಲಿ ರಜೆಯ ದಿನ ಇವರು ಹಿಂದೆ ಓಡುತ್ತಾರೆ, ಅವಳು ಹೊಡೆಯುತ್ತಾಳೆ. ನಮ್ಮ ಮನೆಯ ಮುಂದಿನ ರಸ್ತೆ ಇಳಿಜಾರು. ಅಲ್ಲಿಗೆ ಇನ್ನೂ ಬೇಡ ಅಂದಿದ್ದಾರೆ ಮೇಡಂ. ಮುಂದಿನ ಸಲ ಹೋದಾಗ ಕೈಯ ಹಿಡಿತ 
ಅಳೆದು ನೋಡಿ ಹೇಳುತ್ತಾರಂತೆ.